ನಂಗಲಿಯಲ್ಲಿ ಹಿಡಿದ ಲಾರಿಗೂ ವಿಯೆನ್ನಾದ ಲೆಕ್ಕಕ್ಕೂ ಏನು ಸಂಬಂಧ?

ಪ್ರಶ್ನೆ: ಕೋಲಾರದ ಎಪಿಎಂಸಿ ಟೊಮೆಟೊ ಮಂಡಿ ಹತ್ತಿರ ಲಾರಿ ಬುಕಿಂಗ್ ಆಫೀಸು ಇಟ್ಟುಕೊಂಡಿದ್ದೇನೆ. ಸೀಸನ್‌ನಲ್ಲಿ ಒಡಿಶಾ, ಛತ್ತೀಸಗಢ, ಪಶ್ಚಿಮ ಬಂಗಾಳದ ತನಕ ಮಾಲು ಕಳಿಸುತ್ತೇವೆ. ಪರಿಚಯದವರೊಬ್ಬರ ಲಾರಿ ಖಾಲಿ ಕ್ರೇಟ್ ತುಂಬಿಕೊಂಡು ವಾಪಸು ಬರುವಾಗ ಆಂಧ್ರ ಗಡಿಯ ನಂಗಲಿ ಹತ್ತಿರ ತಪಾಸಣೆ ಮಾಡಿದರು, ಕ್ರೇಟ್‌ಗಳ ನಡುವೆ ಗಾಂಜಾ ಸಿಕ್ಕಿತು. ಡ್ರೈವರ್, ಕ್ಲೀನರ್ ಒಳಗಿದ್ದಾರೆ. ಲಾರಿ ಠಾಣೆ ಮುಂದೆ ನಿಂತಿದೆ. ಮಾಲು ಹಾಕಿಸಿದವನ ಸುಳಿವೇ ಇಲ್ಲ. ‘ಇದು ವಿಶ್ವಸಂಸ್ಥೆ ಒಪ್ಪಂದದಿಂದ ಬಂದ ಕಾನೂನು, ಅದಕ್ಕೇ ಇಷ್ಟು ಬಿಗಿ’ ಎಂದು ವಕೀಲರು ಹೇಳಿದರಂತೆ. ಅಷ್ಟು ದೊಡ್ಡ ಒಪ್ಪಂದ ಇದ್ದೂ ಕೊನೆಗೆ ಸಿಗುವುದು ಡ್ರೈವರೇ ಯಾಕೆ? ದೇಶದೇಶಗಳು ಸೇರಿ ಮಾಡುತ್ತಿರುವುದಾದರೂ ಏನು? ನಮ್ಮಂಥ ಬುಕಿಂಗ್ ಆಫೀಸಿನವರು ಏನು ನೋಡಿಕೊಳ್ಳಬೇಕು?

ಉತ್ತರ: ವಿಶ್ವಸಂಸ್ಥೆಗೆ ಮಾದಕ ವಸ್ತು ಹಿಡಿಯುವ ಪೊಲೀಸರಿಲ್ಲ. ಯಾವ ಗಡಿಯಲ್ಲೂ ಅದರ ಚೆಕ್‌ಪೋಸ್ಟ್ ಇಲ್ಲ, ಯಾರನ್ನೂ ಬಂಧಿಸುವ ಅಧಿಕಾರವೂ ಇಲ್ಲ. ಅಂತಾರಾಷ್ಟ್ರೀಯ ಮಾದಕ ವಸ್ತು ನಿಯಂತ್ರಣ ಅನ್ನುವುದು ಬಹುಮಟ್ಟಿಗೆ ಲೆಕ್ಕ ಇಡುವ ಕೆಲಸ. ಯಾವ ದೇಶಕ್ಕೆ ಎಷ್ಟು ಮಾರ್ಫಿನ್ ಬೇಕು, ಯಾವ ಕಾರ್ಖಾನೆ ಯಾರಿಗೆ ಎಷ್ಟು ರಾಸಾಯನಿಕ ಮಾರಿತು, ಹೋದ ಮಾಲು ಹೇಳಿದ ಜಾಗಕ್ಕೆ ಮುಟ್ಟಿತೇ ಇಲ್ಲವೇ, ಇಷ್ಟನ್ನು ವಿಯೆನ್ನಾದಲ್ಲಿ ಕೂತ ಒಂದು ಮಂಡಳಿ ತಾಳೆ ನೋಡುತ್ತದೆ. ಲೈಸೆನ್ಸ್ ಇರುವ ಕಾರ್ಖಾನೆಯಿಂದ ಹೊರಟ ಮಾಲಿನ ವಿಷಯದಲ್ಲಿ ಈ ಲೆಕ್ಕ ಚೆನ್ನಾಗಿಯೇ ನಡೆಯುತ್ತದೆ. ಕಾಡಂಚಿನ ಗುಡ್ಡದಲ್ಲಿ ಬೆಳೆದ ಗಾಂಜಾಕ್ಕೆ ಲೆಕ್ಕವೇ ಇಲ್ಲದಿರುವುದರಿಂದ ಅಲ್ಲಿ ಉಳಿಯುವುದು ರಸ್ತೆ ತಪಾಸಣೆಯೊಂದೇ. ರಸ್ತೆಯಲ್ಲಿ ಸಿಗುವುದು ಸ್ಟಿಯರಿಂಗ್ ಹಿಡಿದವನು.

ನಿಮ್ಮ ವಕೀಲರು ಹೇಳಿದ ಒಪ್ಪಂದ ಒಂದಲ್ಲ, ಮೂರು. 1961ರದು ಅಫೀಮು, ಕೋಕಾ, ಗಾಂಜಾ ಮತ್ತು ಅವುಗಳಿಂದ ತಯಾರಾಗುವ ವಸ್ತುಗಳದ್ದು. 1971ರದು ಎಲ್‌ಎಸ್‌ಡಿ, ಆಂಫೆಟಮೀನ್, ಕೆಲವು ನಿದ್ರೆ ಮಾತ್ರೆಗಳಂಥ ಮನೋಪರಿಣಾಮಿ ವಸ್ತುಗಳದ್ದು. 1988ರದು ನೇರವಾಗಿ ಕಳ್ಳಸಾಗಣೆಯ ಮೇಲೆ. ಸಾಗಣೆ, ಹಣ ಹೂಡಿಕೆ, ಆ ಹಣವನ್ನು ಬಿಳಿ ಮಾಡುವುದು, ಎಲ್ಲವನ್ನೂ ಅಪರಾಧವೆಂದು ನಿಮ್ಮ ನಿಮ್ಮ ದೇಶದ ಕಾನೂನಿನಲ್ಲಿ ಬರೆಯಿರಿ, ಆಸ್ತಿ ಮುಟ್ಟುಗೋಲು ಹಾಕಿ, ಆರೋಪಿಗಳನ್ನು ಒಪ್ಪಿಸಿ, ಸಾಕ್ಷ್ಯ ಹಂಚಿಕೊಳ್ಳಿ ಎಂದು ಅದು ಸದಸ್ಯ ದೇಶಗಳನ್ನು ಕಟ್ಟಿಹಾಕುತ್ತದೆ. ಗಾಂಜಾದ ಸಾಂಪ್ರದಾಯಿಕ ಬಳಕೆ ನಿಲ್ಲಿಸಲು 1961ರ ಒಪ್ಪಂದ 25 ವರ್ಷಗಳ ಗಡುವು ಕೊಟ್ಟಿತ್ತು. ಜಾರಿಗೆ ಬಂದದ್ದು 1964ರ ಕೊನೆಗೆ, ಹಾಗಾಗಿ ಗಡುವು ಮುಗಿಯುತ್ತಿದ್ದದ್ದು 1989ಕ್ಕೆ. ಅದಕ್ಕೆ ನಾಲ್ಕು ವರ್ಷ ಮೊದಲು, 1985ರ ನವೆಂಬರ್ 14ರಂದು, ನಮ್ಮ ಎನ್‌ಡಿಪಿಎಸ್ ಕಾಯ್ದೆ (ಮಾದಕ ಮತ್ತು ಮನೋಪರಿಣಾಮಿ ವಸ್ತುಗಳ ಕಾಯ್ದೆ) ಜಾರಿಯಾಯಿತು. ಗಾಂಜಾ ಅಂದರೆ ಹೂ ಅಥವಾ ಕಾಯಿ ಬಿಟ್ಟ ತುದಿ. ಆ ತುದಿ ಜೊತೆಗಿಲ್ಲದ ಬರೀ ಎಲೆ, ಬೀಜ ಗಾಂಜಾ ಅಲ್ಲ ಎಂಬ ವ್ಯಾಖ್ಯೆಯೂ ಒಪ್ಪಂದದಲ್ಲಿದ್ದದ್ದೇ. ಎಲೆಯಿಂದ ಮಾಡುವ ಭಂಗಿಯ ಅಂಗಡಿಗಳು ಉತ್ತರ ಭಾರತದಲ್ಲಿ ಉಳಿದುಕೊಂಡಿರುವುದು ಈ ಸಂದಿನಲ್ಲಿ.

ಲೆಕ್ಕ ನೋಡುವ ಮಂಡಳಿಗೆ ಅಂತಾರಾಷ್ಟ್ರೀಯ ಮಾದಕ ವಸ್ತು ನಿಯಂತ್ರಣ ಮಂಡಳಿ ಎಂದು ಹೆಸರು. ಸದಸ್ಯರು 13 ಜನ, ಕೆಲಸ ಶುರುವಾದದ್ದು 1968ರಲ್ಲಿ. ಪ್ರತಿ ದೇಶವೂ ಮುಂದಿನ ವರ್ಷ ಆಸ್ಪತ್ರೆಗಳಿಗೆ, ಸಂಶೋಧನೆಗೆ ಎಷ್ಟು ಮಾರ್ಫಿನ್, ಎಷ್ಟು ಕೊಡೀನ್, ಎಷ್ಟು ಫೆಂಟನಿಲ್ ಬೇಕು ಎಂದು ಮೊದಲೇ ಬರೆದು ಕಳಿಸಬೇಕು. ಆ ಮಿತಿ ಮೀರಿ ಯಾರೂ ಆ ದೇಶಕ್ಕೆ ಮಾರುವಂತಿಲ್ಲ. ಕೊಳ್ಳುವ ದೇಶ ಆಮದು ಪ್ರಮಾಣಪತ್ರ ಕೊಟ್ಟ ಮೇಲೆಯೇ ಮಾರುವ ದೇಶ ರಫ್ತು ಅನುಮತಿ ಕೊಡುತ್ತದೆ. ನಮ್ಮಲ್ಲಿ ಈ ಕಾಗದಗಳನ್ನು ನೋಡಿಕೊಳ್ಳುವುದು ಗ್ವಾಲಿಯರ್‌ನಲ್ಲಿರುವ ಕೇಂದ್ರ ಮಾದಕ ವಸ್ತು ಬ್ಯೂರೋ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದಲ್ಲಿ ಲೈಸೆನ್ಸ್ ಪಡೆದು ಅಫೀಮು ಬೆಳೆಯುವ ರೈತರ ಹೊಲವನ್ನು ಅಳೆಯುವುದೂ ಅದೇ. ಬೆಳೆದದ್ದೆಲ್ಲ ಸರ್ಕಾರಕ್ಕೇ ಒಪ್ಪಿಸಬೇಕು. ಹೆಕ್ಟೇರಿಗೆ ಇಂತಿಷ್ಟು ಮಾರ್ಫಿನ್ ಇಳುವರಿ ಬರದಿದ್ದರೆ ಮುಂದಿನ ವರ್ಷ ಲೈಸೆನ್ಸ್ ಸಿಗುವುದು ಕಷ್ಟ, ಕದ್ದು ಮಾರಿದ್ದಾನೆ ಎಂಬ ಅನುಮಾನ ಅಲ್ಲಿಂದಲೇ ಹುಟ್ಟುತ್ತದೆ. ಲೆಕ್ಕ ತಪ್ಪಿಸುವ ದೇಶವನ್ನು ಮಂಡಳಿ ವಿವರಣೆ ಕೇಳಬಹುದು, ವಾರ್ಷಿಕ ವರದಿಯಲ್ಲಿ ಹೆಸರಿಸಬಹುದು, ಕೊನೆಗೆ ಆ ದೇಶದೊಂದಿಗೆ ಈ ಔಷಧಗಳ ವ್ಯಾಪಾರ ನಿಲ್ಲಿಸಿ ಎಂದು ಶಿಫಾರಸು ಮಾಡಬಹುದು. ಅದರಾಚೆಗೆ ಹೋಗುವ ಕೈ ಅದಕ್ಕಿಲ್ಲ.

ಈ ಲೆಕ್ಕ ಅತಿಯಾದರೆ ಏನಾಗುತ್ತದೆ ಅನ್ನುವುದನ್ನೂ ನಮ್ಮ ದೇಶ ಕಂಡಿದೆ. ಒಂದೊಂದು ರಾಜ್ಯಕ್ಕೂ ಒಂದೊಂದು ಲೈಸೆನ್ಸ್, ಒಂದು ಬಾಟಲಿ ಸಾಗಿಸಲು ನಾಲ್ಕಾರು ಪರವಾನಗಿ ಎಂದಾಗಿ, ಅಫೀಮು ಬೆಳೆಯುವ ದೇಶದಲ್ಲೇ ಕ್ಯಾನ್ಸರ್ ರೋಗಿಗಳಿಗೆ ನೋವಿನ ಮಾರ್ಫಿನ್ ಸಿಗದೆ ಹೋಯಿತು. 2014ರ ತಿದ್ದುಪಡಿ ‘ಅತ್ಯಗತ್ಯ ಮಾದಕ ಔಷಧ’ ಎಂಬ ವರ್ಗ ಮಾಡಿ, ಮಾನ್ಯತೆ ಪಡೆದ ಆಸ್ಪತ್ರೆಗೆ ಒಂದೇ ಕಡೆ ಅನುಮತಿ ಸಾಕು ಎಂದಿತು. ನಿಯಮ ಸಡಿಲವಾದಷ್ಟು ಬೇಗ ತಾಲ್ಲೂಕು ಆಸ್ಪತ್ರೆಗಳ ಹೆದರಿಕೆ ಸಡಿಲವಾಗಿಲ್ಲ.

ರಾಸಾಯನಿಕಗಳ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಮಾಲೂರು, ನರಸಾಪುರ, ಗೌರಿಬಿದನೂರು ಕೈಗಾರಿಕಾ ಪ್ರದೇಶಗಳ ಲೋಡನ್ನೂ ನಿಮ್ಮಂಥ ಆಫೀಸುಗಳು ಹಿಡಿಯುತ್ತವೆ. ಅಸೆಟಿಕ್ ಅನ್‌ಹೈಡ್ರೈಡ್ ಔಷಧ, ಬಣ್ಣ ತಯಾರಿಕೆಗೆ ಬೇಕು, ಹೆರಾಯಿನ್‌ಗೂ ಬೇಕು. ಎಫೆಡ್ರಿನ್, ಸೂಡೊಎಫೆಡ್ರಿನ್ ನೆಗಡಿ ಮಾತ್ರೆಗೂ ಬೇಕು, ಮೆಥ್ ಎಂಬ ನಶೆ ವಸ್ತುವಿಗೂ ಬೇಕು. ಇಂಥವುಗಳ ಪಟ್ಟಿ 1988ರ ಒಪ್ಪಂದದ 12ನೇ ವಿಧಿಯ ಜೊತೆಗಿದೆ. ಇಲ್ಲಿಂದ ಹೊರದೇಶಕ್ಕೆ ಎಫೆಡ್ರಿನ್ ಹೋಗಬೇಕಾದರೆ ರಫ್ತುದಾರ ಗ್ವಾಲಿಯರ್‌ನಿಂದ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಗ್ವಾಲಿಯರ್‌ನವರು ‘ನಿಮ್ಮ ಇಂಥ ಕಂಪನಿಗೆ ಇಷ್ಟು ಕಿಲೋ ಹೊರಡಲಿದೆ, ಆಕ್ಷೇಪವಿದೆಯೇ?’ ಎಂದು ಕೊಳ್ಳುವ ದೇಶದ ಅಧಿಕಾರಿಗಳನ್ನು ಮೊದಲೇ ಆನ್‌ಲೈನ್‌ನಲ್ಲಿ ಕೇಳುತ್ತಾರೆ. ಈ ಆನ್‌ಲೈನ್ ವ್ಯವಸ್ಥೆ 2006ರಿಂದ ಇದೆ. ಆ ಕಡೆಯವರು ವಿಳಾಸಕ್ಕೆ ಹೋಗಿ ನೋಡುತ್ತಾರೆ. ಅಲ್ಲಿ ಕಾರ್ಖಾನೆಯ ಬದಲು ಬೀಗ ಹಾಕಿದ ಅಂಗಡಿ ಇದ್ದರೆ ಮಾಲು ಇಲ್ಲೇ ನಿಲ್ಲುತ್ತದೆ. ನನ್ನ ಅಭಿಪ್ರಾಯದಲ್ಲಿ ಇಡೀ ಅಂತಾರಾಷ್ಟ್ರೀಯ ವ್ಯವಸ್ಥೆಯಲ್ಲಿ ಕೊಟ್ಟ ಕಾಸಿಗೆ ತಕ್ಕ ಕೆಲಸ ಮಾಡುವುದು ಇದೊಂದೇ. ಪತ್ರಿಕೆಯಲ್ಲಿ ಫೋಟೊ ಬರುವುದಿಲ್ಲ, ಅಷ್ಟೇ.

ದೇಶದೊಳಗಿನ ವ್ಯವಹಾರಕ್ಕೆ 2013ರ ನಿಯಂತ್ರಿತ ವಸ್ತುಗಳ ಆದೇಶ ಇದೆ. ಅದರ ಎ ಪಟ್ಟಿಯ ವಸ್ತುವನ್ನು ತಯಾರಿಸುವವರು, ಮಾರುವವರು, ಕೊಳ್ಳುವವರು, ದಾಸ್ತಾನು ಇಡುವವರು ಎನ್‌ಸಿಬಿಯ (ಕೇಂದ್ರದ ಮಾದಕ ವಸ್ತು ನಿಯಂತ್ರಣ ಬ್ಯೂರೋ) ವಲಯ ಕಚೇರಿಯಿಂದ ಪ್ರತ್ಯೇಕ ನೋಂದಣಿ ಸಂಖ್ಯೆ ಪಡೆದಿರಬೇಕು, ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಬೇಕು, ದಾರಿಯಲ್ಲಿ ಮಾಲಿನ ಜೊತೆ ನಿಗದಿತ ನಮೂನೆಯ ರವಾನೆ ಚೀಟಿ ಇರಬೇಕು. ಡ್ರಮ್ಮು ಸೋರಿತು, ಕಳುವಾಯಿತು ಎಂದರೆ ತಕ್ಷಣ ಎನ್‌ಸಿಬಿಗೆ ತಿಳಿಸಬೇಕು. ತಪ್ಪಿದರೆ ಎನ್‌ಡಿಪಿಎಸ್ ಕಾಯ್ದೆಯ 25ಎ ಕಲಮಿನಡಿ 10 ವರ್ಷದ ತನಕ ಜೈಲು. ಬಿಲ್ಟಿಯಲ್ಲಿ (ಲಾರಿ ರಸೀದಿಯಲ್ಲಿ) ಬರೀ ‘ಕೆಮಿಕಲ್’ ಎಂದು ಬರೆಸಲು ಬರುವ ಗಿರಾಕಿಗೆ ವಸ್ತುವಿನ ಪೂರ್ತಿ ಹೆಸರು ಕೇಳಿ. ಹೇಳದಿದ್ದರೆ ಆ ಲೋಡು ನಿಮ್ಮದಲ್ಲ.

ಈ ಲೆಕ್ಕಕ್ಕೂ ಒಂದು ಕುಂಟು ಇದೆ. ಪಟ್ಟಿಗೆ ಸೇರಿದ ವಸ್ತುವಿನ ಬದಲು ಅದರ ಹಿಂದಿನ ಹಂತದ, ಪಟ್ಟಿಯಲ್ಲಿಲ್ಲದ ವಸ್ತುವನ್ನು ಕಳ್ಳರು ತರಿಸಿಕೊಳ್ಳುತ್ತಾರೆ. ಫೆಂಟನಿಲ್‌ನ ಎರಡು ಮೂಲ ರಾಸಾಯನಿಕಗಳನ್ನು 2017ರಲ್ಲಿ ಪಟ್ಟಿಗೆ ಸೇರಿಸಿದರು, ಕಳ್ಳರು ಬೇರೆ ಮೂರಕ್ಕೆ ಹೋದರು, 2022ರಲ್ಲಿ ಅವೂ ಸೇರಿದವು. ಚೀನಾ 2019ರ ಮೇ 1ರಿಂದ ಫೆಂಟನಿಲ್ ಜಾತಿಯ ಎಲ್ಲವನ್ನೂ ಒಟ್ಟಿಗೆ ನಿಯಂತ್ರಣ ಪಟ್ಟಿಗೆ ಸೇರಿಸಿತು. ಆಮೇಲೆ ಸಿದ್ಧ ಮಾಲಿನ ಬದಲು ಕಚ್ಚಾ ರಾಸಾಯನಿಕ ಮೆಕ್ಸಿಕೊಗೆ ಹೋಗಿ ಅಲ್ಲಿ ತಯಾರಾಗತೊಡಗಿತು. ಹೊಸದಾಗಿ ಹುಟ್ಟಿದ ನಶೆ ವಸ್ತುಗಳೇ 1,200ಕ್ಕೂ ಹೆಚ್ಚು ಎಂದು ವಿಶ್ವಸಂಸ್ಥೆಯ ಮಾದಕ ವಸ್ತು ಮತ್ತು ಅಪರಾಧ ಕಚೇರಿ ದಾಖಲಿಸಿದೆ. ಒಂದನ್ನು ಪಟ್ಟಿಗೆ ಸೇರಿಸಲು ತಜ್ಞರ ವರದಿ, ವಿಶ್ವಸಂಸ್ಥೆಯ 53 ದೇಶಗಳ ಮಾದಕ ವಸ್ತು ಆಯೋಗದ ಮತದಾನ ಆಗಬೇಕು. ಅಷ್ಟರಲ್ಲಿ ಮಾರುಕಟ್ಟೆಗೆ ಇನ್ನೊಂದು ಬಂದಿರುತ್ತದೆ.

ಇನ್ನು ಬೆಳೆ. ಇಲ್ಲಿ ಒಪ್ಪಂದದ ಬಲ ತೀರಾ ಕಡಿಮೆ, ಒಂದು ಕಡೆ ಕಿತ್ತರೆ ಇನ್ನೊಂದು ಕಡೆ ಏಳುತ್ತದೆ. ತಾಲಿಬಾನ್ 2022ರ ಏಪ್ರಿಲ್‌ನಲ್ಲಿ ಅಫೀಮು ಬೆಳೆ ನಿಷೇಧಿಸಿದ ಮೇಲೆ ಅಫ್ಘಾನಿಸ್ತಾನದಲ್ಲಿ 2,33,000 ಹೆಕ್ಟೇರ್ ಇದ್ದದ್ದು 2023ಕ್ಕೆ 10,800 ಹೆಕ್ಟೇರಿಗೆ ಇಳಿಯಿತು. ಅದೇ ವರ್ಷ ಮ್ಯಾನ್ಮಾರ್ 47,100 ಹೆಕ್ಟೇರಿನೊಂದಿಗೆ ಮೊದಲ ಸ್ಥಾನಕ್ಕೆ ಬಂತು. 1990ರ ದಶಕದಲ್ಲಿ ಪೆರು, ಬೊಲಿವಿಯಾಗಳಲ್ಲಿ ಕೋಕಾ ಕಿತ್ತಾಗ ಕೊಲಂಬಿಯಾದಲ್ಲಿ ಬೆಳೆ ಏರಿತ್ತು. ನಮ್ಮ ಹತ್ತಿರದ ಉದಾಹರಣೆ ಆಂಧ್ರ-ಒಡಿಶಾ ಗಡಿಯ ಗುಡ್ಡಗಾಡು. 2021-22ರಲ್ಲಿ ಆಂಧ್ರ ಪೊಲೀಸರು ‘ಆಪರೇಷನ್ ಪರಿವರ್ತನ’ ಹೆಸರಿನಲ್ಲಿ ವಿಶಾಖಪಟ್ಟಣದ ಏಜೆನ್ಸಿ (ಬುಡಕಟ್ಟು) ಪ್ರದೇಶದ ಸಾವಿರಾರು ಎಕರೆ ಗಾಂಜಾ ಕಿತ್ತು ಸುಟ್ಟರು. ಗಡಿಯ ಆಚೆ ಬದಿ ಒಡಿಶಾದ್ದು, ಆಂಧ್ರ ಪೊಲೀಸರ ಕೈ ಅಲ್ಲಿಗೆ ಮುಟ್ಟದು. ಕಿತ್ತ ಮೇಲೆ ಆ ರೈತನಿಗೆ ಬೇರೆ ಬೆಳೆಯ ಬೀಜ, ಅದಕ್ಕೊಂದು ಮಾರುಕಟ್ಟೆ, ಮಾರುಕಟ್ಟೆ ತನಕ ರಸ್ತೆ ಕೊಟ್ಟ ಕಡೆ ಮಾತ್ರ ಫಲಿತಾಂಶ ನಿಂತಿದೆ. ಥಾಯ್ಲೆಂಡಿನ ಉತ್ತರದ ಗುಡ್ಡಗಳಲ್ಲಿ ಕಾಫಿ, ಹಣ್ಣು, ತರಕಾರಿ ಅಫೀಮಿನ ಜಾಗಕ್ಕೆ ಬರಲು ದಶಕಗಳೇ ಹಿಡಿದವು.

ನಿಮ್ಮ ಟೊಮೆಟೊ ಲಾರಿ ಹೋಗಿ ಬರುವ ದಾರಿ ಇದೇ ಆಂಧ್ರ-ಒಡಿಶಾ ಗಡಿಯ ಪಕ್ಕದ್ದು. ಅಲ್ಲಿಂದ ಕರಾವಳಿ ಹೆದ್ದಾರಿ ಹಿಡಿದು, ಚಿತ್ತೂರು, ಪಲಮನೇರು, ನಂಗಲಿ, ಮುಳಬಾಗಿಲು ಮೇಲೆ ಬೆಂಗಳೂರಿಗೆ ಸಲೀಸು. ಜೊತೆಗೆ ನಿಮ್ಮ ವ್ಯಾಪಾರದಲ್ಲಿ ಕಾಗದವೂ ಕಡಿಮೆ. ತಾಜಾ ತರಕಾರಿಗೆ ಜಿಎಸ್‌ಟಿ ಇಲ್ಲ, ಆದ್ದರಿಂದ ಇ-ವೇ ಬಿಲ್ ಕಡ್ಡಾಯವಲ್ಲ. ವಾಪಸು ಬರುವ ಖಾಲಿ ಕ್ರೇಟಿಗೆ ಬಹಳ ಕಡೆ ಕೈಬರಹದ ಒಂದು ಚೀಟಿ, ಅದೂ ಇದ್ದರೆ ಉಂಟು. ಕದ್ದು ಸಾಗಿಸುವವನಿಗೆ ಬೇಕಾದದ್ದು ಇಂಥ ಲಾರಿಯೇ.

ಡ್ರೈವರೇ ಯಾಕೆ ಸಿಗುತ್ತಾನೆ ಅನ್ನುವ ಪ್ರಶ್ನೆಗೆ ಒಪ್ಪಂದವೇ ಒಂದು ಉತ್ತರ ಬರೆದಿಟ್ಟಿದೆ. 1988ರ ಒಪ್ಪಂದದ 11ನೇ ವಿಧಿ, ನಮ್ಮ ಕಾಯ್ದೆಯ 50ಎ ಕಲಮು: ಮಾಲು ಇದೆ ಎಂದು ಗೊತ್ತಿದ್ದೂ ದಾರಿಯಲ್ಲಿ ತಡೆಯದೆ, ಕಣ್ಣಿಟ್ಟು ಕೊನೆಯ ತನಕ ಬಿಟ್ಟು, ಇಳಿಸಿಕೊಳ್ಳುವವನನ್ನು ಹಿಡಿಯುವ ಕ್ರಮ. ನಮ್ಮಲ್ಲಿ ಇದಕ್ಕೆ ಎನ್‌ಸಿಬಿ ಮಹಾನಿರ್ದೇಶಕರ ಅಥವಾ ಅವರು ಅಧಿಕಾರ ಕೊಟ್ಟವರ ಒಪ್ಪಿಗೆ ಬೇಕು. ನಂಗಲಿಯಲ್ಲಿ ರಾತ್ರಿ ಎರಡು ಗಂಟೆಗೆ ಟಾರ್ಪಾಲ್ ಬಿಚ್ಚಿಸಿದ ಪಿಎಸ್‌ಐಗೆ ಅಷ್ಟು ಸಮಯವೂ ಇಲ್ಲ, ಆ ಅಧಿಕಾರವೂ ಇಲ್ಲ. ಲಾರಿ ಕೈತಪ್ಪಿದರೆ ಕೇಳುವವರು ಅವರನ್ನೇ. ಅಲ್ಲೇ ಹಿಡಿಯುತ್ತಾರೆ, ಪ್ರಕರಣ ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಡ್ರೈವರ್‌ನ ಫೋನಿನ ಕರೆಗಳ ದಾಖಲೆ, ಯುಪಿಐ ಪಾವತಿ, ಟೋಲ್‌ನ ಫಾಸ್ಟ್ಯಾಗ್ ದಾಖಲೆ ಜೋಡಿಸಿ ಹಿಂದಕ್ಕೆ ಹೋದರೆ ಮಾತ್ರ ಮಾಲು ಹಾಕಿಸಿದವನು ಸಿಗಬಹುದು. ಪೊಲೀಸರ ಮುಂದೆ ಡ್ರೈವರ್ ಹೆಸರು ಹೇಳಿದರಷ್ಟೇ ಸಾಲದು. ಎನ್‌ಡಿಪಿಎಸ್ ಅಧಿಕಾರಿಗಳ ಮುಂದೆ 67ನೇ ಕಲಮಿನಡಿ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಾಗದು ಎಂದು 2020ರ ಅಕ್ಟೋಬರ್‌ನಲ್ಲಿ ತೂಫಾನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಹಣದ ದಾರಿ ಹಿಡಿದರೆ ಮೇಲಿನವರು ಸಿಗುತ್ತಾರೆ, ಆದರೆ ಅದು ನಿಧಾನದ ಕೆಲಸ. ಕಾಯ್ದೆಯ 5ಎ ಅಧ್ಯಾಯದಡಿ ಆರೋಪಿಯ, ಅವನ ಸಂಬಂಧಿಕರ ಹೆಸರಿನ ಆಸ್ತಿಯನ್ನು ತಡೆಹಿಡಿಯಬಹುದು. ಆ ಆದೇಶವನ್ನು 30 ದಿನದೊಳಗೆ ಸಕ್ಷಮ ಪ್ರಾಧಿಕಾರ ಖಾಯಂ ಮಾಡದಿದ್ದರೆ ಅದು ಬಿದ್ದುಹೋಗುತ್ತದೆ. ಜಿಲ್ಲಾ ಮಟ್ಟದಲ್ಲಿ ಈ ಅಧ್ಯಾಯವನ್ನು ತೆರೆದು ನೋಡುವವರು ಇನ್ನೂ ಕಡಿಮೆ. ಗಡಿ ದಾಟಿದ ವ್ಯವಹಾರವಾದರೆ ಇನ್ನೂ ಉದ್ದ: ನ್ಯಾಯಾಲಯದ ಕೋರಿಕೆ ಪತ್ರ, ಗೃಹ ಸಚಿವಾಲಯ, ಆ ದೇಶದ ಸಚಿವಾಲಯ, ಅಲ್ಲಿನ ನ್ಯಾಯಾಲಯ, ಮತ್ತೆ ಅದೇ ದಾರಿಯಲ್ಲಿ ವಾಪಸು. ಇಂಟರ್‌ಪೋಲ್ ರೆಡ್ ನೋಟಿಸ್ ಅಂದ ಕೂಡಲೇ ಬಂಧನದ ವಾರಂಟ್ ಎಂದು ಎಲ್ಲರೂ ತಿಳಿಯುತ್ತಾರೆ. ಅದು ‘ಈತ ಇಂಥ ದೇಶಕ್ಕೆ ಬೇಕಾದವನು’ ಎಂಬ ಕೋರಿಕೆ. ಬಂಧಿಸುವುದು ಬಿಡುವುದು ಆಯಾ ದೇಶದ ಕಾನೂನಿಗೆ ಬಿಟ್ಟದ್ದು. 2021ರ ಸೆಪ್ಟೆಂಬರ್‌ನಲ್ಲಿ ಗುಜರಾತಿನ ಮುಂದ್ರಾ ಬಂದರಿನಲ್ಲಿ ಟಾಲ್ಕ್ ಕಲ್ಲು ಎಂದು ತೋರಿಸಿದ್ದ ಕಂಟೇನರ್‌ಗಳಲ್ಲಿ ಹತ್ತಿರ ಹತ್ತಿರ 3,000 ಕೆ.ಜಿ. ಹೆರಾಯಿನ್ ಸಿಕ್ಕಿತಲ್ಲ, ಅಫ್ಘಾನಿಸ್ತಾನದ ಮಾಲು, ಇರಾನಿನ ಬಂದರಿನಿಂದ ಹೊರಟದ್ದು, ಆಮದುದಾರರ ವಿಳಾಸ ವಿಜಯವಾಡದ್ದು. ಡಿಆರ್‌ಐ (ಕಂದಾಯ ಗುಪ್ತಚರ ನಿರ್ದೇಶನಾಲಯ) ಹಿಡಿದದ್ದನ್ನು ಎನ್‌ಐಎ (ರಾಷ್ಟ್ರೀಯ ತನಿಖಾ ಸಂಸ್ಥೆ) ಕೈಗೆತ್ತಿಕೊಂಡಿತು. ಅಷ್ಟು ಸಂಸ್ಥೆಗಳು ಒಂದೇ ಲೋಡಿನ ಹಿಂದೆ ಬೀಳುವುದು ಅಪರೂಪ.

ಒಪ್ಪಂದ ಒಂದೇ ಆದರೂ ದೇಶಗಳು ಅದನ್ನು ಓದುವ ರೀತಿ ಬೇರೆ ಬೇರೆ. ಸಿಂಗಪುರದಲ್ಲಿ 15 ಗ್ರಾಂ ಮೀರಿ ಶುದ್ಧ ಹೆರಾಯಿನ್ ಸಾಗಿಸಿದವನಿಗೆ ಮರಣದಂಡನೆ ಆಗಬಹುದು. ಪೋರ್ಚುಗಲ್ 2001ರ ಜುಲೈಯಿಂದ, ಸ್ವಂತ ಬಳಕೆಗೆ 10 ದಿನದ ಪ್ರಮಾಣದೊಳಗೆ ಇಟ್ಟುಕೊಂಡವನನ್ನು ಜೈಲಿಗೆ ಕಳಿಸದೆ ಮೂವರ ಸಮಿತಿಯ ಮುಂದೆ ಕಳಿಸುತ್ತದೆ. ಮಾರುವವನಿಗೆ ಅಲ್ಲೂ ಜೈಲೇ. ಬೊಲಿವಿಯಾ ಕೋಕಾ ಎಲೆ ಅಗಿಯುವ ಪದ್ಧತಿ ಉಳಿಸಿಕೊಳ್ಳಲು 1961ರ ಒಪ್ಪಂದದಿಂದ ಹೊರಬಂದು, ಷರತ್ತು ಬರೆಸಿ 2013ರಲ್ಲಿ ಮತ್ತೆ ಸೇರಿತು. ಅಮೆರಿಕ ಕಳ್ಳಸಾಗಣೆಯ ದೊಡ್ಡ ಕುಳಗಳನ್ನು ಹೆಸರಿಸಿ, ಅವರ ಜೊತೆ ವ್ಯವಹರಿಸುವ ಬ್ಯಾಂಕುಗಳಿಗೂ ಬಿಸಿ ಮುಟ್ಟಿಸುವ ಕಾನೂನನ್ನು 1999ರಲ್ಲಿ ಮಾಡಿಕೊಂಡಿತು. ಥಾಯ್ಲೆಂಡ್ 2022ರ ಜೂನ್‌ನಲ್ಲಿ ಗಾಂಜಾವನ್ನು ಮಾದಕ ವಸ್ತು ಪಟ್ಟಿಯಿಂದ ತೆಗೆದು, 2025ರ ಜೂನ್‌ನಲ್ಲಿ ಮತ್ತೆ ವೈದ್ಯರ ಚೀಟಿ ಬೇಕೆಂದಿತು. ನಡುವೆ ಏನಾಯಿತು ಎಂದು ತಿಳಿಯಲು ಬ್ಯಾಂಕಾಕ್‌ಗೆ ಹೋಗಬೇಕಿಲ್ಲ. ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್ ಪ್ರಯಾಣಿಕರ ಬ್ಯಾಗುಗಳಲ್ಲಿ ಮೇಲಿಂದ ಮೇಲೆ ಸಿಕ್ಕಿದ ‘ಹೈಡ್ರೋ’ (ಮಣ್ಣಿಲ್ಲದೆ ನೀರಿನಲ್ಲಿ ಬೆಳೆಸಿದ) ಗಾಂಜಾ ಹೇಳುತ್ತದೆ. ಅದರ ಬೆಲೆ ಗುಡ್ಡದ ಗಾಂಜಾದ ಹಲವು ಪಟ್ಟು, ನಮ್ಮ ಕಾನೂನಿನಲ್ಲಿ ತೂಕದ ಮಿತಿ ಮಾತ್ರ ಎರಡಕ್ಕೂ ಒಂದೇ.

ಆ ಮಿತಿಯೇ ನಿಮ್ಮ ಪರಿಚಯದವರ ಪ್ರಕರಣದ ಜೀವಾಳ. ಗಾಂಜಾ 1 ಕೆ.ಜಿ.ಗಿಂತ ಕಡಿಮೆ ಇದ್ದರೆ ‘ಅಲ್ಪ ಪ್ರಮಾಣ’, ಒಂದು ವರ್ಷದ ತನಕ ಜೈಲು ಅಥವಾ 10,000 ರೂಪಾಯಿ ತನಕ ದಂಡ, ಅಥವಾ ಎರಡೂ. 20 ಕೆ.ಜಿ. ಮೀರಿದರೆ ‘ವಾಣಿಜ್ಯ ಪ್ರಮಾಣ’, ಕನಿಷ್ಠ 10, ಗರಿಷ್ಠ 20 ವರ್ಷ, ಜೊತೆಗೆ ಕನಿಷ್ಠ 1 ಲಕ್ಷ ದಂಡ. ಇವೆರಡರ ನಡುವಿನದಕ್ಕೆ 10 ವರ್ಷದ ತನಕ. ಸರಿಯಾಗಿ 20 ಕೆ.ಜಿ. ಇದ್ದರೆ ಅದು ನಡುವಿನದೇ, ಏಕೆಂದರೆ ಕಾಯ್ದೆ ‘ಮೀರಿದ’ ಅನ್ನುತ್ತದೆ. ಮೀರಿದ ಕೂಡಲೇ 37ನೇ ಕಲಮು ಬರುತ್ತದೆ: ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣವಿದೆ, ಹೊರಬಂದು ಮತ್ತೆ ತಪ್ಪು ಮಾಡಲಾರ ಎಂದು ನ್ಯಾಯಾಧೀಶರಿಗೆ ಮನವರಿಕೆ ಆಗದೆ ಜಾಮೀನಿಲ್ಲ. ದೋಷಾರೋಪ ಪಟ್ಟಿಗೆ ಪೊಲೀಸರಿಗೆ 180 ದಿನ, ಸರ್ಕಾರಿ ಅಭಿಯೋಜಕರ ವರದಿಯ ಮೇಲೆ ಒಂದು ವರ್ಷದ ತನಕವೂ ಹೋಗಬಹುದು.

ಆದ್ದರಿಂದ ಮಹಜರನ್ನು ಸಾಲು ಸಾಲಾಗಿ ಓದಿಸಿ. ತೂಕವನ್ನು ಗೋಣಿಚೀಲ, ಪ್ಲಾಸ್ಟಿಕ್ ಸೇರಿಸಿ ಬರೆದಿದ್ದಾರೋ, ಕಳೆದು ಬರೆದಿದ್ದಾರೋ? ಹೂ ತುದಿಯ ಜೊತೆ ಎಲೆ, ಕಾಂಡ ಎಲ್ಲ ಸೇರಿಸಿ ತೂಗಿದ್ದಾರೆಯೇ? 22 ಕೆ.ಜಿ. ಎಂದಿರುವ ಕಡೆ ಈ ಎರಡು ಪ್ರಶ್ನೆಗಳೇ ಜಾಮೀನು ನಿರ್ಧರಿಸಬಹುದು. ಒಂದು ಕ್ವಿಂಟಾಲ್ ಇರುವ ಕಡೆ ಕೇಳಿ ಪ್ರಯೋಜನವಿಲ್ಲ. ಪೊಟ್ಟಣ ಎಷ್ಟು, ಸ್ಯಾಂಪಲ್ ಎಷ್ಟರಿಂದ ತೆಗೆದರು? ಗಾಂಜಾ ಆದರೆ ಒಂದೇ ಅಳತೆ, ಒಂದೇ ಗುರುತು, ಕಿಟ್ ಪರೀಕ್ಷೆಯಲ್ಲಿ ಒಂದೇ ಫಲಿತಾಂಶದ ಪೊಟ್ಟಣಗಳನ್ನು 40ರ ತನಕ ಒಂದು ಲಾಟ್ ಮಾಡಬಹುದು. ಪ್ರತಿ ಲಾಟಿನಿಂದ 24 ಗ್ರಾಮಿನ ಸ್ಯಾಂಪಲ್ ಎರಡು ಪ್ರತಿ, ಅದೂ 52ಎ ಕಲಮಿನ ಪ್ರಕಾರ ಮ್ಯಾಜಿಸ್ಟ್ರೇಟರ ಮುಂದೆ. ರಸ್ತೆ ಬದಿಯಲ್ಲೇ ಒಂದು ಚೀಲದಿಂದ ಹಿಡಿ ತೆಗೆದು ಎಫ್‌ಎಸ್‌ಎಲ್‌ಗೆ (ವಿಧಿವಿಜ್ಞಾನ ಪ್ರಯೋಗಾಲಯಕ್ಕೆ) ಕಳಿಸಿದರೆ ಉಳಿದ ಚೀಲಗಳಲ್ಲಿ ಇದ್ದದ್ದೇನು ಎಂಬ ಪ್ರಶ್ನೆ ವಿಚಾರಣೆಯಲ್ಲಿ ಏಳುತ್ತದೆ. 2023ರಲ್ಲಿ ಸುಪ್ರೀಂ ಕೋರ್ಟ್ ಈ ಕಾರಣಕ್ಕೆ ಆರೋಪಿಗಳನ್ನು ಬಿಡುಗಡೆ ಮಾಡಿದ್ದುಂಟು. 2025ರ ಜನವರಿಯಲ್ಲಿ ಭಾರತ್ ಆಂಬಾಳೆ ಪ್ರಕರಣದಲ್ಲಿ, ಉಳಿದ ಸಾಕ್ಷ್ಯ ಗಟ್ಟಿ ಇದ್ದರೆ ಇದೊಂದೇ ಲೋಪದಿಂದ ಪ್ರಕರಣ ಬೀಳದು ಎಂದಿದೆ. ‘52ಎ ತಪ್ಪಿದೆ, ಕೇಸು ಬಿತ್ತು’ ಎಂದು ಆಸೆ ಹುಟ್ಟಿಸುವವರ ಮಾತು ಪೂರ್ತಿ ನಂಬಬೇಡಿ. ಪತ್ರಾಂಕಿತ ಅಧಿಕಾರಿಯ ಮುಂದೆ ತಪಾಸಣೆ ಕೇಳುವ 50ನೇ ಕಲಮಿನ ಹಕ್ಕು ಮನುಷ್ಯನ ಮೈಯ ತಪಾಸಣೆಗೆ, ಲಾರಿಗಲ್ಲ. ಮುಂಚಿತ ಮಾಹಿತಿಯ ಮೇಲೆ ಹಿಡಿದಿದ್ದರೆ ಆ ಮಾಹಿತಿಯನ್ನು ಬರೆದಿಟ್ಟು 72 ಗಂಟೆಯೊಳಗೆ ಮೇಲಧಿಕಾರಿಗೆ ಕಳಿಸಿದ್ದಾರೆಯೇ ಎಂದು ಮಾತ್ರ ಖಂಡಿತ ನೋಡಿಸಿ.

ಲಾರಿಯ ಮಾತು. 60ನೇ ಕಲಮಿನ ಪ್ರಕಾರ ಮಾಲು ಸಾಗಿಸಿದ ವಾಹನ ಮುಟ್ಟುಗೋಲಿಗೆ ಒಳಗಾಗುತ್ತದೆ. ಉಳಿಸಿಕೊಳ್ಳಬೇಕಾದರೆ ಮಾಲೀಕ ತನಗಾಗಲಿ, ತನ್ನ ಏಜೆಂಟನಿಗಾಗಲಿ, ವಾಹನ ವಹಿಸಿಕೊಂಡವನಿಗಾಗಲಿ ಗೊತ್ತಿರಲಿಲ್ಲ, ಮತ್ತು ಅವರಲ್ಲಿ ಪ್ರತಿಯೊಬ್ಬರೂ ತಕ್ಕ ಎಚ್ಚರಿಕೆ ವಹಿಸಿದ್ದರು ಎಂದು ತೋರಿಸಬೇಕು. ವಾಹನ ವಹಿಸಿಕೊಂಡವನು ಅಂದರೆ ಡ್ರೈವರ್. ಅವನಿಗೆ ಗೊತ್ತಿದ್ದರೆ ಮಾಲೀಕ ಎಷ್ಟು ಮುಗ್ಧನಾದರೂ ಕಷ್ಟವೇ. ವಿಚಾರಣೆ ಮುಗಿಯುವ ತನಕ ಲಾರಿಯನ್ನು ಮಧ್ಯಂತರ ಸುಪರ್ದಿಗೆ, ಅಂದರೆ ತಾತ್ಕಾಲಿಕವಾಗಿ ತನ್ನ ವಶಕ್ಕೆ, ಕೇಳಲು ಅಡ್ಡಿಯಿಲ್ಲ. ಬಿಶ್ವಜಿತ್ ದೇ ಪ್ರಕರಣದಲ್ಲಿ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ದಾರಿ ತೋರಿಸಿದೆ. ಅಲ್ಲಿ ಮಾಲು ಇದ್ದದ್ದು ಲಾರಿ ಹತ್ತಿದ್ದ ಬೇರೊಬ್ಬನ ಬಳಿ, ಮಾಲೀಕನೂ ಡ್ರೈವರನೂ ಆರೋಪಿಗಳಾಗಿರಲಿಲ್ಲ. ನಿಮ್ಮ ಪರಿಚಯದವರ ಡ್ರೈವರೇ ಆರೋಪಿ, ಆದ್ದರಿಂದ ಅದೇ ತೀರ್ಪನ್ನು ಎದುರು ಪಕ್ಷದವರೂ ಓದುತ್ತಾರೆ. ಹಾಗೆಂದು ಅರ್ಜಿ ಹಾಕದೆ ಕೂರುವುದು ತಪ್ಪು. ಮಳೆ ಬಿಸಿಲಿಗೆ ನಿಂತ ಲಾರಿಯ ಟೈರು, ಬ್ಯಾಟರಿ ಹೋಗುತ್ತವೆ, ಫೈನಾನ್ಸ್ ಕಂತು ಮಾತ್ರ ನಿಲ್ಲುವುದಿಲ್ಲ.

‘ತಕ್ಕ ಎಚ್ಚರಿಕೆ’ ಎಂದು ನ್ಯಾಯಾಲಯಕ್ಕೆ ತೋರಿಸಲು ಬರೀ ಮಾತು ಸಾಲದು. ವಾಪಸು ಲೋಡಿಗೂ ಬಿಲ್ಟಿ ಬರೆಸಿ: ಎಲ್ಲಿ ತುಂಬಿದ್ದು, ಯಾರು ಕೊಟ್ಟರು, ಕ್ರೇಟ್ ಎಷ್ಟು, ಅವರ ಆಧಾರ್ ಅಥವಾ ಜಿಎಸ್‌ಟಿ ಸಂಖ್ಯೆ, ಫೋನು. ಕ್ರೇಟ್ ತುಂಬುವಾಗ ಮೂರು ಫೋಟೊ, ಖಾಲಿ ಬಾಡಿ, ಅರ್ಧ, ಪೂರ್ತಿ, ಡ್ರೈವರ್ ವಾಟ್ಸ್ಯಾಪ್‌ನಲ್ಲಿ ಕಳಿಸಲಿ. ಸಮಯ ತಾನಾಗಿ ದಾಖಲಾಗುತ್ತದೆ. ಟಾರ್ಪಾಲ್ ಹಗ್ಗಕ್ಕೆ ನಂಬರ್ ಇರುವ ಪ್ಲಾಸ್ಟಿಕ್ ಸೀಲ್ ಹಾಕಿಸಿ, ನಂಬರನ್ನು ಬಿಲ್ಟಿಯಲ್ಲಿ ಬರೆಸಿ. ಡ್ರೈವರ್ ‘ಎರಡು ಚೀಲ ಪಾರ್ಸೆಲ್ ಇದೆ, ಹೊಸಕೋಟೆಯಲ್ಲಿ ಇಳಿಸಿಕೊಳ್ಳುತ್ತಾರೆ’ ಅನ್ನುವ ಕೈಲೋಡ್ ಒಪ್ಪಿಕೊಳ್ಳಬಾರದು ಎಂದು ಬರೆದ ಕಾಗದಕ್ಕೆ ಟ್ರಿಪ್ಪಿಗೆ ಮೊದಲೇ ಸಹಿ ಹಾಕಿಸಿ. ನಿಮ್ಮ ಕೋಲಾರದ ದಾರಿಯಲ್ಲಿ ಬಹಳಷ್ಟು ಕೆಡುವುದು ಈ ಕೈಲೋಡಿನಿಂದಲೇ. ನಾಲ್ಕು ಕಾಸು ಮೇಲ್ಸಂಪಾದನೆ ಎಂದು ಡ್ರೈವರ್ ಹಾಕಿಕೊಂಡಿರುತ್ತಾನೆ, ಒಳಗೆ ಏನಿದೆ ಎಂದು ಕೇಳಿರುವುದಿಲ್ಲ. ಜಿಪಿಎಸ್ ಇದ್ದರೆ ಗೊತ್ತಿಲ್ಲದ ಜಾಗದಲ್ಲಿ ಅರ್ಧ ಗಂಟೆ ಮೀರಿ ನಿಂತ ಕಡೆ ಗುರುತು ಮಾಡಿ ಆಗಲೇ ಫೋನ್ ಮಾಡಿ ಕೇಳಿ. ವೇಬ್ರಿಡ್ಜ್ ತೂಕ ಹಾಕಿಸುವುದೂ ಒಳ್ಳೆಯದೇ, ಆದರೆ ಅದರಿಂದ ಪೂರಾ ರಕ್ಷಣೆ ಸಿಗುತ್ತದೆ ಎಂದುಕೊಳ್ಳಬೇಡಿ. 300 ಲೀಟರ್ ಡೀಸೆಲ್ಲೇ 250 ಕೆ.ಜಿ. ತೂಗುತ್ತದೆ, ಟ್ಯಾಂಕು ಅರ್ಧ ಇದ್ದದ್ದು, ಪೂರ್ತಿ ಇದ್ದದ್ದರ ವ್ಯತ್ಯಾಸದಲ್ಲಿ 40 ಕೆ.ಜಿ. ಗಾಂಜಾ ಕಾಣುವುದೇ ಇಲ್ಲ. ಕ್ವಿಂಟಾಲ್‌ಗಟ್ಟಲೆ ಇದ್ದರೆ ಮಾತ್ರ ವೇಬ್ರಿಡ್ಜ್ ಚೀಟಿ ಹೇಳುತ್ತದೆ.

ದಾರಿಯಲ್ಲೇ ಡ್ರೈವರ್‌ಗೆ ಅನುಮಾನದ ಚೀಲ ಕಂಡರೆ? ಎಸೆದು ಬರುವುದೇ ಎಲ್ಲರಿಗೂ ಮೊದಲು ತೋಚುವುದು. ಎಸೆಯುವುದನ್ನು ಯಾರಾದರೂ ಕಂಡರೆ ಅಥವಾ ಸಿಸಿಟಿವಿಯಲ್ಲಿ ಸಿಕ್ಕರೆ, ‘ಗೊತ್ತಿತ್ತು’ ಎಂಬುದಕ್ಕೆ ಅದೇ ಸಾಕ್ಷಿ. ಚೀಲ ಮುಟ್ಟದೆ, ಬಿಚ್ಚದೆ, ಬೆಳಕಿರುವ ಬಂಕಿನಲ್ಲೋ ಟೋಲ್‌ನಲ್ಲೋ ಲಾರಿ ನಿಲ್ಲಿಸಿ 112ಕ್ಕೆ ಅಥವಾ ಮಾದಕ ವಸ್ತುಗಳ ಸಹಾಯವಾಣಿ 1933ಕ್ಕೆ ಕರೆ ಮಾಡಿ, ಕರೆಯ ಸಮಯ ಬರೆದಿಟ್ಟುಕೊಳ್ಳಲಿ. ಕೋಲಾರ ಜಿಲ್ಲೆಯೊಳಗೆ ಬಂದಿದ್ದರೆ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಠಾಣೆಗೂ ತಿಳಿಸಬಹುದು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಮಾದಕ ವಸ್ತು ಸಮನ್ವಯ ಸಮಿತಿ ಸಭೆ ನಡೆಯುತ್ತದೆ. ಲಾರಿ ಮಾಲೀಕರ ಸಂಘದಿಂದ ಒಬ್ಬರನ್ನು ಅಲ್ಲಿಗೆ ಕರೆಯಿರಿ ಎಂದು ಬರೆದು ಕೊಡಿ. ವಾಪಸು ಕ್ರೇಟಿಗೆ ಒಂದೇ ನಮೂನೆಯ ಚೀಟಿ ತರುವ ಮಾತು ಎತ್ತಲು ಅದಕ್ಕಿಂತ ಸರಿಯಾದ ಜಾಗ ಇಲ್ಲ.

ಡ್ರೈವರ್, ಕ್ಲೀನರ್ ಮನೆಯವರಿಗೆ ವಕೀಲರನ್ನು ಇಡುವ ಶಕ್ತಿ ಇಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅರ್ಜಿ ಕೊಡಲಿ. ಬಂಧನದಲ್ಲಿರುವವರಿಗೆ ಆದಾಯದ ಮಿತಿ ನೋಡದೆ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100. ಲಾರಿ ಮಾಲೀಕರು ಮತ್ತು ಡ್ರೈವರ್ ಇಬ್ಬರಿಗೂ ಒಬ್ಬರೇ ವಕೀಲರನ್ನು ಇಡಬೇಡಿ. ‘ಡ್ರೈವರ್‌ಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ’ ಎಂದು ಮಾಲೀಕ ಹೇಳಬೇಕಾಗಿ ಬಂದರೆ, ‘ನನಗೂ ಗೊತ್ತಿರಲಿಲ್ಲ’ ಅನ್ನುವ ಡ್ರೈವರ್‌ನ ಪರ ನಿಲ್ಲಲು ಅದೇ ವಕೀಲರಿಗೆ ಆಗುವುದಿಲ್ಲ. ವಕೀಲರ ಹತ್ತಿರ ಹೋಗುವಾಗ ಎಫ್‌ಐಆರ್ ಪ್ರತಿ, ಮಹಜರು, ಬಂಧನದ ಕಾರಣ ತಿಳಿಸಿದ ಪತ್ರ, ಆ ಟ್ರಿಪ್ಪಿನ ಫಾಸ್ಟ್ಯಾಗ್ ದಾಖಲೆ, ಡ್ರೈವರ್ ಖಾತೆಗೆ ಆ ವಾರ ಬಂದ ಹಣದ ವಿವರ, ಇಷ್ಟನ್ನು ಜೊತೆಗೆ ಒಯ್ಯಲಿ.